ಗಿರಿಯಪ್ಪಜ್ಜ ಹೇಳಿದ ಮೇಲೆ

"ಮುಟ್ಬೇಡ ಚಿಕ್ಕಪ್ಪಾ," ಎಂದಳು ಬಂಗಾರಿ. "ಮೇಷ್ಟ್ರು ಬೇಡ ಅಂದಿದಾರೆ."

ದುಗ್ಗಪ್ಪ ಆಗಲೇ ಮಂಡಿಯೂರಿ ಕೂತಿದ್ದ. ಮತ್ತಿಮರದ ಬುಡದಲ್ಲಿ, ತರಗೆಲೆಗಳ ಮೇಲೆ, ಕಪ್ಪು ಮೋರೆಯ ದೊಡ್ಡ ಮಂಗವೊಂದು ಮಗ್ಗುಲಾಗಿ ಬಿದ್ದಿತ್ತು. ನಿದ್ದೆ ಮಾಡುತ್ತಿದೆ ಅನ್ನಬೇಕು, ಹಾಗಿತ್ತು. ಆದರೆ ಅದರ ಕಣ್ಣಿನ ಸುತ್ತ ಇರುವೆಗಳು ಓಡಾಡುತ್ತಿದ್ದವು.

ಚಿಕ್ಕಪ್ಪ, ಅಣ್ಣನ ಮಗಳು ಇಬ್ಬರೂ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರಲು ಕಾಡಿಗೆ ಬಂದಿದ್ದರು. ಬುಟ್ಟಿ ಇನ್ನೂ ಅರ್ಧ ತುಂಬಿರಲಿಲ್ಲ.

"ಯಾಕಂತೆ ಮುಟ್ಬಾರ್ದು?"

"ಎಂಥದೋ ಕಾಯ್ಲೆಯಂತೆ. ಕಾಡಲ್ಲಿ ಮಂಗ ಸತ್ತಿದ್ರೆ ಹತ್ರ ಹೋಗ್ಬೇಡಿ, ಓಡಿ ಬಂದು ನಂಗೆ ಹೇಳಿ ಅಂದಿದಾರೆ. ಆಸ್ಪತ್ರೆ ಜೀಪಿನವ್ರು ಶಾಲೆಗೆ ಬಂದು ಹೇಳಿ ಹೋದ್ರು."

"ಜೀಪಿನವ್ರು," ದುಗ್ಗಪ್ಪ ನಕ್ಕ. "ಹೋದ ವರ್ಷ ಮೈಕಲ್ಲಿ ಕೂಗ್ಕೊಂಡು ಹೋದ್ರಲ್ಲ, ಸಂಜೆ ಶಾಲೆ ಹತ್ರ ಪುಕ್ಕಟೆ ಸಿನಿಮಾ ಅಂತ. ಅವ್ರೇ ತಾನೆ?"

ಬಂಗಾರಿಗೆ ಅದು ನೆನಪಿತ್ತು. ಆ ಸಂಜೆ ಕೇರಿಗೆ ಕೇರಿಯೇ ಚಾಪೆ ಹಿಡಿದುಕೊಂಡು ಹೋಗಿ ಕೂತಿತ್ತು. ಅಜ್ಜಿ ಗುತ್ಯಮ್ಮ ಹುರಿದ ಹಲಸಿನ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬೀಜ ಮುಗಿಯಿತು, ಮಕ್ಕಳು ಮಲಗಿದರು, ಸಿನಿಮಾ ಮಾತ್ರ ಬರಲಿಲ್ಲ.

"ಅದು ಬಿಳಿ ಜೀಪು. ಇದು ಹಸಿರು," ಎಂದಳು ಬಂಗಾರಿ.

"ಜೀಪು ಅಂದ್ರೆ ಜೀಪೇ ಮಾರಾಯ್ತಿ." ದುಗ್ಗಪ್ಪ ಅವಳ ಜಡೆ ಎಳೆದ. "ಹೋಗು, ಗಿರಿಯಪ್ಪಜ್ಜನ್ನ ಕರ್ಕೊಂಡ್ ಬಾ. ಅವ್ರು ಹೇಳ್ದಂಗೆ ಮಾಡಾಣ."

ಇದು ಬಂಗಾರಿಗೂ ಸರಿ ಅನ್ನಿಸಿತು. ಕೇರಿಯಲ್ಲಿ ಏನೇ ಆದರೂ ಎಲ್ಲರಿಗೂ ಹಿರಿಯರಾದ ಗಿರಿಯಪ್ಪಜ್ಜನನ್ನೇ ಕೇಳುವುದು. ಗಿರಿಯಪ್ಪಜ್ಜ ಹೇಳಿದ ಮೇಲೆ ಮತ್ತೊಬ್ಬರು ಮಾತಾಡುವುದಿಲ್ಲ.

ಮಳೆಗಾಲದ ಸಂಜೆಗಳಲ್ಲಿ ಅಜ್ಜ ತಮ್ಮ ಜಗಲಿಯ ಮೇಲೆ ಕೂತು ಪದ್ಯ ಹೇಳುತ್ತಿದ್ದರು. ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಹನುಮಂತ ಕಡಲು ಹಾರುತ್ತಿದ್ದ, ಬೆಟ್ಟ ಹೊರುತ್ತಿದ್ದ. ಬಂಗಾರಿ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಎಷ್ಟೋ ಪದಗಳ ಅರ್ಥ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ಅಜ್ಜನ ದನಿ ಮೇಲೆ ಹೋದಾಗ ಎದೆ ಮೇಲೆ ಹೋಗುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ಒಂದು ಸಲ ಶಾಲೆಯ ಪಾಠದಲ್ಲಿ ಹನುಮಂತ ಕಡಲು ಹಾರುವ ಆ ಪದ್ಯವೇ ಬಂದಿತ್ತು. ಬಂಗಾರಿ ಪುಸ್ತಕ ಬಿಚ್ಚಿಕೊಂಡು ಕೂತು, ಅಜ್ಜ ಹೇಳಿದ ಹಾಗೆಲ್ಲ ಸಾಲಿನ ಕೆಳಗೆ ಬೆರಳು ಜರುಗಿಸುತ್ತಾ ಹೋಗಿದ್ದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಅವಳು ಕರೆದಾಗ ಅಜ್ಜ ಆ ಮತ್ತಿಮರದ ಹತ್ತಿರ ಬಂದವರು ತಲೆಯ ಮೇಲಿನ ಟವೆಲ್ಲು ತೆಗೆದು ಕೈ ಮುಗಿದರು.

"ಹನುಮಂತ ದೇವ್ರು ನಮ್ಮ ಕೇರಿ ಹುಡುಕ್ಕೊಂಡು ಬಂದು ಮೈ ಬಿಟ್ಟಿದಾನೆ," ಎಂದರು. "ಹಾಗೇ ಬಿಡೋ ಹಂಗಿಲ್ಲ. ಮಣ್ಣು ಮಾಡ್ಬೇಕು. ಕ್ರಮ ಪ್ರಕಾರ."

"ಅಜ್ಜಾ, ಕಾಯ್ಲೆ ಬಂದು ಸತ್ತಿದ್ರೆ?" ಬಂಗಾರಿ ಮೆಲ್ಲಗೆ ಕೇಳಿದಳು.

"ವಯಸ್ಸಾಗಿ ಹೋಗಿದೆ ಮಗಾ. ದೇವ್ರ ಮೈಗೆ ಕಾಯ್ಲೆ ಎಲ್ಲಿಂದ ಬರ್ತದೆ?"

ಪದ್ಯ ಮುಗಿಸುವಾಗ ಹೇಗೋ ಹಾಗೇ, ಅಜ್ಜನ ದನಿ ಕೊನೆಗೆ ನಿಧಾನವಾಗಿ ಇಳಿದು ನಿಂತಿತು. ಬಂಗಾರಿಯ ಮನಸ್ಸೂ ನಿಂತಿತು.

"ಮೇಷ್ಟ್ರಿಗೆ ಹೇಳೋದು ಬೇಡ್ವಾ ಹಂಗಾದ್ರೆ?"

"ಹೇಳಿದ್ರೆ ಜೀಪು ಬರ್ತದೆ. ಹೊಟ್ಟೆ ಸೀಳಿ ಡಬ್ಬಿಗೆ ತುಂಬ್ಕೊಂಡು ಹೋಗ್ತಾರೆ. ಬೇಕಾ ನಿಂಗೆ ಆ ಪಾಪ?"

ಬಂಗಾರಿ ತಲೆ ಅಲ್ಲಾಡಿಸಿದಳು. ಬೇಡ.

ದುಗ್ಗಪ್ಪ ಮಂಗವನ್ನು ಎಳೆಮಗುವಿನ ಹಾಗೆ ಎದೆಗೆ ಆನಿಸಿಕೊಂಡು ನಡೆದ. ಅದರ ಉದ್ದ ಬಾಲ ಅವನ ಕಾಲಿಗೆ ತಾಗುತ್ತಿತ್ತು. ಗದ್ದೆಯ ಬದುವಿನ ಪಕ್ಕ ಗುಂಡಿ ತೆಗೆದರು. ಯಾರೋ ಹೊಸ ಕೆಂಪು ಬಟ್ಟೆ ತಂದರು. ಅಜ್ಜಿ ಕುಂಕುಮ ಇಟ್ಟಳು. ಬಂಗಾರಿ ಕಣಗಿಲೆ ಹೂ ಕೊಯ್ದು ತಂದಳು. ಅಜ್ಜ ಪದ್ಯ ಹೇಳಿದರು, ಎಲ್ಲರೂ ತಾಳ ಹಾಕಿದರು. ಕೊನೆಯಲ್ಲಿ ಬೆಲ್ಲದ ಪಾನಕ ಹಂಚಿದರು. ತಾವೆಲ್ಲ ಒಂದು ಒಳ್ಳೆಯ ಕೆಲಸ ಮಾಡಿದೆವು ಎಂದು ಬಂಗಾರಿಗೆ ನಿಜವಾಗಿ ಅನ್ನಿಸಿತ್ತು.

ಪಾನಕ ಕುಡಿಯುತ್ತಾ ದುಗ್ಗಪ್ಪ ಕುತ್ತಿಗೆ ಕೆರೆದುಕೊಂಡ. ಸಾಸಿವೆಗಿಂತ ಸಣ್ಣ ಹುಳುವೊಂದನ್ನು ಚಿವುಟಿ ತೆಗೆದು ಉಗುರಿನ ಮೇಲೆ ಇಟ್ಟು ನೋಡಿದ.

"ಉಣುಗು," ಎಂದ. "ದನಕ್ಕೆ ಹತ್ತೋದು ನಂಗೂ ಹತ್ತಿದೆ. ನಾನೂ ಒಂದು ದನ ಅಂತ ಅದಕ್ಕೆ ಗೊತ್ತಾಗಿದೆ."

ಎಲ್ಲರೂ ನಕ್ಕರು.

ಸೋಮವಾರ ಶೇಷಪ್ಪ ಮೇಷ್ಟ್ರು ಹಾಜರಿ ಕರೆದಾದ ಮೇಲೆ ಕೇಳಿದರು:

"ಯಾರಾದ್ರೂ ಸತ್ತ ಮಂಗ ನೋಡಿದ್ರೇನ್ರೋ?"

ಬಂಗಾರಿ ತಲೆ ತಗ್ಗಿಸಿ ಪುಸ್ತಕ ಬಿಚ್ಚಿದಳು. ಬಂಗಾರಿಯ ಕೇರಿಯಿಂದ ಆ ತರಗತಿಗೆ ಬರುವವಳು ಅವಳೊಬ್ಬಳೇ.

"ಸಾರ್," ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. "ಮಂಗಕ್ಕೆ ಬಂದ ಕಾಯ್ಲೆ ಮನುಷ್ಯರಿಗೆ ಹ್ಯಾಗೆ ಬರ್ತದೆ ಸಾರ್?"

"ಉಣುಗು ಕಚ್ಚಿ ಬರ್ತದಂತೆ."

"ನೀವು ನೋಡಿದೀರಾ ಸಾರ್?"

"ಇಲ್ಲಪ್ಪ. ನಂಗೂ ಪೂರ್ತಿ ಗೊತ್ತಿಲ್ಲ. ಜೀಪಿನವ್ರು ಹೇಳಿದ್ದನ್ನ ನಿಮಗೆ ಹೇಳ್ತಾ ಇದೀನಿ. ಅವ್ರು ಅದನ್ನೇ ಓದಿದವ್ರು."

ಮೇಷ್ಟ್ರಿಗೇ ಪೂರ್ತಿ ಗೊತ್ತಿಲ್ಲ, ಎಂದುಕೊಂಡಳು ಬಂಗಾರಿ. ಗಿರಿಯಪ್ಪಜ್ಜ ಯಾವತ್ತೂ ಗೊತ್ತಿಲ್ಲ ಅಂದವರಲ್ಲ. ಅವಳ ಲೆಕ್ಕ ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಅವಳ ಕಡೆ ನೋಡಿದರು. "ಏನೇ ಬಂಗಾರಮ್ಮ, ನಿಮ್ಮ ಕಡೆ ಕಾಡು ಜಾಸ್ತಿ. ಎಂಥದೂ ಕಾಣ್ಲಿಲ್ವಾ?"

"ಇಲ್ಲ ಸಾರ್."

ಆ ವಾರದ ಕೊನೆಗೆ ದುಗ್ಗಪ್ಪ ಗದ್ದೆಯಿಂದ ಅರ್ಧಕ್ಕೇ ವಾಪಸು ಬಂದು ಕಂಬಳಿ ಹೊದ್ದು ಮಲಗಿದ. ಬಿಸಿಲು ಸುಡುತ್ತಿತ್ತು, ಅವನು ನಡುಗುತ್ತಿದ್ದ.

"ತಲೆ ಒಡೆದು ಹೋಗ್ತದೆ ಅತ್ತಿಗೆ," ಎಂದು ಬಂಗಾರಿಯ ಅಮ್ಮನಿಗೆ ಹೇಳಿದ. ಯಾವಾಗಲೂ ತಮಾಷೆ ಮಾಡುವವನು ಅಷ್ಟು ಹೇಳಿ ಗೋಡೆ ಕಡೆ ತಿರುಗಿದ.

ಅಜ್ಜಿ ಕಾಳುಮೆಣಸಿನ ಕಷಾಯ ಮಾಡಿ ಕುಡಿಸಿದಳು. ಜ್ವರ ಇಳಿಯಲಿಲ್ಲ. ಸೊಂಟ, ಕಾಲು, ಬೆನ್ನು ಎಲ್ಲ ನೋವು ಎಂದ. ಕಣ್ಣು ಕೆಂಪಾದವು. ಅಪ್ಪ ಸೀತಾರಾಮಪ್ಪ, "ಸಾಗರದ ಆಸ್ಪತ್ರೆಗೆ ಕರ್ಕೊಂಡು ಹೋಗಾಣ," ಎಂದ.

ಗಿರಿಯಪ್ಪಜ್ಜ ಬಂದು ಹಣೆ ಮುಟ್ಟಿ ನೋಡಿದರು.

"ಉಷ್ಣ," ಎಂದರು. "ಬಿಸಿಲಲ್ಲಿ ಗುಂಡಿ ತೆಗ್ದಿದಾನಲ್ಲ. ದೇವ್ರ ಕೆಲಸ ಮಾಡಿದವ್ನಿಗೆ ದೇವ್ರು ಕೆಡುಕು ಮಾಡ್ತಾನಾ? ಮೂರು ದಿನ ಎಳನೀರು ಕೊಡಿ, ಇಳೀತದೆ."

ಅದೇ ದನಿ. ಅಪ್ಪ ಹೊರಟವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅಜ್ಜಿಯ ಮುಖದಲ್ಲಿ ಗೆಲುವು ಬಂತು. ಬಂಗಾರಿಯೂ ಆ ಮಾತನ್ನು ಹಿಡಿದುಕೊಂಡಳು. ಹಿಡಿದುಕೊಂಡಷ್ಟೂ ಅದು ಕೈಯಿಂದ ಜಾರುತ್ತಿತ್ತು.

ಮರುದಿನ ಅವಳು ಎಳನೀರು ತೆಗೆದುಕೊಂಡು ಹೋದಾಗ ದುಗ್ಗಪ್ಪ ಎದ್ದು ಕೂರಲು ಹೋಗಿ ಆಗದೆ ಒರಗಿದ. ಕುಡಿದು ಲೋಟ ವಾಪಸು ಕೊಟ್ಟ. ಲೋಟದ ಅಂಚಿನಲ್ಲಿ ರಕ್ತ ಇತ್ತು.

"ಚಿಕ್ಕಪ್ಪಾ, ಬಾಯಲ್ಲಿ..."

"ವಸಡು ಕಣೇ. ಅಜ್ಜಿಗೆ ಹೇಳ್ಬೇಡ, ಹೆದರ್ಕೊಳ್ತಾಳೆ." ಅವನು ಬಾಯಿ ಒರೆಸಿಕೊಂಡ. "ಬಂಗಾರೀ, ನಿಮ್ಮ ಮೇಷ್ಟ್ರು ಆ ಕಾಯ್ಲೆ ಹ್ಯಾಗಿರ್ತದೆ ಅಂದಿದ್ರು?" ಎಂದು ಕೇಳಿದ.

ಬಂಗಾರಿ ಲೋಟ ಅಲ್ಲೇ ಇಟ್ಟು ಓಡಿದಳು.

ಮೇಷ್ಟ್ರು ತಾಳಗುಪ್ಪದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಬಾಗಿಲಲ್ಲಿ ನಿಂತ ಹುಡುಗಿಗೆ ಉಸಿರೇ ಇರಲಿಲ್ಲ. ಮಂಗ, ಕೆಂಪು ಬಟ್ಟೆ, ಪಾನಕ, ಉಣುಗು, ಜ್ವರ, ಎಲ್ಲ ಒಂದರ ಮೇಲೊಂದು ಬಿದ್ದು ಬಂತು.

"ಯಾವತ್ತು ಮಣ್ಣು ಮಾಡಿದ್ದು?"

"ನೀವು ಕೇಳಿದ್ರಲ್ಲ ಸಾರ್, ಅದರ ಹಿಂದಿನ ದಿನ."

"ನಾ ಕೇಳ್ದಾಗ ನೀನು..." ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಬೈದಿದ್ದರೆ ಒಳ್ಳೆಯದಿತ್ತು. ಅವರು ಸೈಕಲ್ಲು ಹತ್ತಿ ಪೋಸ್ಟ್ ಆಫೀಸಿನ ಕಡೆ, ಫೋನ್ ಮಾಡಲು, ಹೊರಟುಹೋದರು.

ಹಸಿರು ಜೀಪು ಮಧ್ಯಾಹ್ನಕ್ಕೆ ಬಂತು. ಅದರಿಂದ ಒಬ್ಬರು ಡಾಕ್ಟರಮ್ಮ ಇಳಿದರು. ಅಷ್ಟು ಸೆಕೆಯಲ್ಲೂ ಅವರು ಮೈತುಂಬ ಬಟ್ಟೆ ಹಾಕಿಕೊಂಡಿದ್ದರು. ದುಗ್ಗಪ್ಪನನ್ನು ನೋಡಿದರು, ಕಣ್ಣು ಬಿಡಿಸಿ ನೋಡಿದರು, ಬಾಯಿ ತೆರೆಸಿ ನೋಡಿದರು. ಅಪ್ಪ ಮತ್ತು ಡ್ರೈವರು ಅವನನ್ನು ಎತ್ತಿ ಜೀಪಿನಲ್ಲಿ ಮಲಗಿಸಿದರು. ಅಪ್ಪನೂ ಹತ್ತಿದ.

"ಹುಷಾರಾಗ್ತಾನಾ?" ಬಂಗಾರಿ ಡಾಕ್ಟರಮ್ಮನ ಕೈ ಹಿಡಿದು ಕೇಳಿದಳು.

"ಈ ಕಾಯ್ಲೆ ಬಂದವ್ರಲ್ಲಿ ತುಂಬ ಜನ ಹುಷಾರಾಗ್ತಾರೆ. ಎಲ್ರೂ ಆಗಲ್ಲ. ಇವ್ರದ್ದು ಹ್ಯಾಗೆ ಅಂತ ನಂಗೆ ಈಗ ಗೊತ್ತಾಗಲ್ಲ ಮಗೂ."

"ನಾನು ಮೊದ್ಲೇ ಹೇಳಿದ್ದಿದ್ರೆ?"

ಡಾಕ್ಟರಮ್ಮ ಅವಳ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು. "ಅದೂ ಗೊತ್ತಿಲ್ಲ," ಎಂದರು. "ಈಗ ಹೇಳಿದೀಯಲ್ಲ. ಕೇರಿಯವ್ರಿಗೆಲ್ಲ ಹೇಳು, ಯಾರೂ ಆ ಕಡೆ ಕಾಡಿಗೆ ಹೋಗ್ಬಾರ್ದು."

ಜೀಪು ಧೂಳೆಬ್ಬಿಸಿಕೊಂಡು ಸಾಗರದ ಕಡೆ ಹೋಯಿತು. ಬಂಗಾರಿಗೆ ಖಚಿತವಾದ ಒಂದು ಮಾತು ಬೇಕಿತ್ತು. ಅದು ಆ ಜೀಪಿನಲ್ಲೂ ಇರಲಿಲ್ಲ.

ಸಂಜೆ ಕೇರಿಯವರೆಲ್ಲ ಬಂಗಾರಿಯ ಮನೆಯ ಅಂಗಳದಲ್ಲಿ ಸೇರಿದರು. ಗಿರಿಯಪ್ಪಜ್ಜ ಜಗಲಿಯ ಮೇಲೆ ಕೂತರು. ಅಜ್ಜಿ ಅವರ ಎದುರು ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಳ್ಬೇಡ ಗುತ್ಯಮ್ಮ," ಎಂದರು ಅಜ್ಜ. "ಶುಕ್ರವಾರ ನಿನ್ನ ಮಗ ಎದ್ದು ಕೂತು ಗಂಜಿ ಕುಡೀತಾನೆ. ಇದು ನಿಜ."

ಎಲ್ಲರೂ ಉಸಿರು ಬಿಟ್ಟರು. ಒಬ್ಬರು, "ಗಿರಿಯಪ್ಪಜ್ಜ ಹೇಳಿದ ಮೇಲೆ ಆಯ್ತು," ಎಂದರು.

"ಅಜ್ಜಾ," ಎಂದಳು ಬಂಗಾರಿ. "ನಿಮಗೆ ಹ್ಯಾಗೆ ಗೊತ್ತು?"

ಗಿರಿಯಪ್ಪಜ್ಜನನ್ನು ಯಾರೂ ಯಾವತ್ತೂ ಹಾಗೆ ಕೇಳಿರಲಿಲ್ಲ. ಅಮ್ಮ ಅವಳ ತೋಳು ಹಿಡಿದು ಒಳಗೆ ಎಳೆದಳು. "ದೊಡ್ಡವ್ರ ಹತ್ರ ಮಾತಾಡೋ ರೀತಿನೇನೇ ಇದು?"

ಜನ ಚದುರಿದ ಮೇಲೆ ಬಂಗಾರಿ ಹೊರಗೆ ಬಂದಳು. ಅಜ್ಜ ಇನ್ನೂ ಅಲ್ಲೇ ಕೂತಿದ್ದರು. ತಮ್ಮ ಅಂಗೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು.

"ನಂಗೆ ಗೊತ್ತಿಲ್ಲ ಮಗಾ," ಎಂದರು.

ಅದು ಪದ್ಯದ ದನಿಯಲ್ಲ. ಸಣ್ಣ, ಒಣಗಿದ, ಯಾರೋ ಮುದುಕರ ದನಿ.

"ಮತ್ತೆ ಯಾಕೆ ಹೇಳಿದ್ರಿ?"

"ಎಲ್ರೂ ಬಾಯಿ ನೋಡ್ತಾ ಕೂತ್ಕೊಳ್ತಾರಲ್ಲ. ಏನಾದ್ರೂ ಹೇಳ್ಬೇಕಲ್ಲ."

"ಮಂಗಕ್ಕೆ ವಯಸ್ಸಾಗಿತ್ತು ಅಂದ್ರಲ್ಲ, ಅದು?"

ಅಜ್ಜ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕಂಬ ಹಿಡಿದು ಎದ್ದು, ನಿಧಾನವಾಗಿ ಮೆಟ್ಟಿಲು ಇಳಿದರು. ಬಂಗಾರಿ ಅವರ ಬೆನ್ನು ನೋಡುತ್ತಾ ನಿಂತಳು. ಹನುಮಂತ ಕಡಲು ಹಾರಿದ ಪದ್ಯವನ್ನೂ ಮಂಗದ ಮಾತನ್ನೂ ಅಜ್ಜ ಒಂದೇ ದನಿಯಲ್ಲಿ ಹೇಳಿದ್ದರು. ಮೊದಲನೆಯದನ್ನು ಅವಳು ಪುಸ್ತಕ ಬಿಚ್ಚಿ, ಬೆರಳಿಟ್ಟು ನೋಡಿದ್ದಳು. ಎರಡನೆಯದನ್ನು ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೂವಪ್ಪ ಓಡೋಡಿ ಬಂದ. ಸ್ಟೇಷನ್ ಹತ್ತಿರ ಚಾದಂಗಡಿ ಇಟ್ಟವನು ಅವನು. ಅಂಗಳಕ್ಕೆ ಕಾಲಿಡುವ ಮೊದಲೇ ಕೂಗಿದ:

"ಗುತ್ಯಕ್ಕಾ, ದುಗ್ಗ ಎದ್ದು ಕೂತನಂತೆ. ಗಂಜಿ ಕುಡಿದನಂತೆ."

ಅಜ್ಜಿ ಎರಡೂ ಕೈ ಎತ್ತಿ ಮುಗಿದಳು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಪಕ್ಕದ ಮನೆಯವರು ಬಂದು, "ಶುಕ್ರವಾರ ಅಂದಿದ್ರು, ಶುಕ್ರವಾರವೇ ಆಯ್ತು ನೋಡಿ," ಎಂದರು. ಬಂಗಾರಿಯ ಎದೆಯೂ ಒಮ್ಮೆ ಹಾರಿತು. ಅದನ್ನು ನಂಬಿಬಿಡಬೇಕು ಎಂದು ಅವಳಿಗೆ ತುಂಬ ಆಸೆಯಾಯಿತು.

"ಹೂವಪ್ಪಣ್ಣ, ನೀವು ಚಿಕ್ಕಪ್ಪನ್ನ ನೋಡಿದ್ರಾ?"

"ನಾ ಎಲ್ಲಿ ನೋಡ್ಲೇ? ಅಂಗಡಿ ಬಿಟ್ಟು ಸಾಗರಕ್ಕೆ ಹೋಗಕ್ಕಾಗ್ತದಾ? ಚಾ ಕುಡಿಯಕ್ಕೆ ಬಂದವ್ರು ಯಾರೋ ಹೇಳ್ತಿದ್ರು."

"ಅವ್ರು ನೋಡಿದ್ರಾ?"

"ಅವ್ರಿಗೆ ಯಾರೋ ಹೇಳಿದ್ರಂತೆ."

"ಯಾರು?"

"ಪೊಲೀಸ್ ಆಗ್ತೀಯೇನೇ ನೀನು?" ಹೂವಪ್ಪ ನಕ್ಕ. "ನಿಮ್ಮ ಗಿರಿಯಪ್ಪಜ್ಜ ಹೇಳಿದ್ದೂ ಅದೇ ತಾನೆ?"

ಬಂಗಾರಿಗೆ ಆಗ ಹೊಳೆಯಿತು. ಅಜ್ಜ ಜಗಲಿಯ ಮೇಲೆ ಹೇಳಿದ ಮಾತು ಹೂವಪ್ಪನ ಅಂಗಡಿಗೂ ಹೋಗಿತ್ತು. ರೈಲು ಹತ್ತಿ ಹೋಗಿತ್ತೋ ಏನೋ. ಅಲ್ಲಿಂದ ತಿರುಗಿ, ಸಾಗರದ ಸುದ್ದಿಯಾಗಿ, ಇಲ್ಲಿಗೇ ಬಂದಿದ್ದರೆ?

"ಅಜ್ಜೀ, ಅಪ್ಪ ಬರ್ಲಿ. ಅಪ್ಪ ನೋಡಿರ್ತಾರೆ."

"ಒಳ್ಳೆ ಮಾತು ಬಂದಾಗ ಅಡ್ಡ ಬಾಯಿ ಹಾಕ್ಬೇಡ," ಅಜ್ಜಿ ಗದರಿದಳು. ಆಗಲೇ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಇಷ್ಟು ದಿನಗಳ ಮೇಲೆ ಮೊದಲ ಸಲ ಅವಳು ತಲೆ ಬಾಚಿಕೊಂಡಿದ್ದಳು.

ಬಂಗಾರಿ ಯಾರಿಗೂ ಹೇಳದೆ ಸ್ಟೇಷನ್ನಿಗೆ ಹೋದಳು.

ತಾಳಗುಪ್ಪದಿಂದ ಮುಂದೆ ಹಳಿ ಇಲ್ಲ. ರೈಲಿನಲ್ಲಿದ್ದವರೆಲ್ಲ ಅಲ್ಲಿ ಇಳಿಯಲೇಬೇಕು. ಅವಳು ಬೇವಿನ ಮರದ ಕೆಳಗೆ ನಿಂತು, ಒಬ್ಬರನ್ನೂ ಬಿಡದೆ ಎಲ್ಲರ ಮುಖ ನೋಡುವುದೆಂದು ನಿಶ್ಚಯಿಸಿದಳು. ರೈಲು ಬಂತು. ಮೀನಿನ ಬುಟ್ಟಿ ಹೊತ್ತವರು ಇಳಿದರು. ಮದುವೆಗೆ ಹೊರಟವರು ಟ್ರಂಕು ಇಳಿಸಿಕೊಂಡರು. ಕಾಲೇಜಿನ ಹುಡುಗರು ಇನ್ನೂ ನಿಲ್ಲದ ರೈಲಿನಿಂದ ಹಾರಿದರು. ಪ್ಲಾಟ್‌ಫಾರಂ ತುಂಬಿ, ಮತ್ತೆ ಖಾಲಿಯಾಗುತ್ತಾ ಬಂತು.

ಎಲ್ಲರೂ ಇಳಿದ ಮೇಲೆ, ಕೊನೆಯ ಡಬ್ಬಿಯಿಂದ ಅಪ್ಪ ಇಳಿದ.

ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಕೆಳಗೆ ಇಳಿದವನು ಎಲ್ಲಿಗೆ ಹೋಗಬೇಕೆಂದು ಮರೆತವನ ಹಾಗೆ ನಿಂತ.

ಬಂಗಾರಿ ಹತ್ತಿರ ಹೋದಳು. ಬೆಳಿಗ್ಗೆ ಅವಳು ಹೂವಪ್ಪನಿಗೆ ನೀವು ನೋಡಿದ್ರಾ, ಅವ್ರು ನೋಡಿದ್ರಾ ಎಂದು ಕೇಳಿದ್ದಳು. ಈಗ ನೋಡಿ ಬಂದವನೇ ಎದುರಿಗೆ ಇದ್ದ. ಅವಳಿಗೆ ಕೇಳಲು ಬಾಯಿ ಬರಲಿಲ್ಲ.

ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟ.

"ಬೆಳಗಿನ ಜಾವ ಹೋಗ್ಬಿಟ್ಟ ಮಗಾ," ಎಂದ. "ನನ್ನ ಕೈ ಹಿಡ್ಕೊಂಡೇ ಇದ್ದ. ಮಧ್ಯಾಹ್ನ ವ್ಯಾನಲ್ಲಿ ತರ್ತಾರೆ. ಅಷ್ಟರೊಳಗೆ ಮನೇಲಿ ಹೇಳ್ಬೇಕಲ್ಲ ಅಂತ ನಾ ಬಂದೆ."

ಎಂಜಿನ್ನು ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು.

"ಅಪ್ಪಾ," ಬಂಗಾರಿಗೆ ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಅಜ್ಜಿಗೆ ಯಾರೋ ಬೇರೆ ಹೇಳಿದಾರೆ. ಎದ್ದು ಕೂತ ಅಂತ. ಪಾಯಸ ಮಾಡ್ತಾ ಇದಾಳೆ."

ಅಪ್ಪ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಂಗಾರಿ ಪಕ್ಕದಲ್ಲಿ ಕೂತಳು. 

"ನಾನು ಓಡಿ ಹೋಗಿ ಹೇಳ್ಲಾ?" ಎಂದಳು.

"ಬೇಡ ಮಗಾ. ನೀನು ನೋಡಿಲ್ಲ." ಅಪ್ಪ ಮುಖ ಒರೆಸಿಕೊಂಡು ಎದ್ದ. "ನಾನೇ ಹೇಳ್ಬೇಕು."

ಅಳು ಬಂಗಾರಿಗೆ ಅಲ್ಲಿ ಬಂತು. ಅಪ್ಪನ ಬೆರಳು ಹಿಡಿದುಕೊಂಡು, ಅಳುತ್ತಲೇ ಅವನ ಜೊತೆ ಹೊರಟಳು. ಹೂವಪ್ಪನ ಅಂಗಡಿಯ ಮುಂದೆ ಹಾಯುವಾಗ ಒಳಗಿನಿಂದ ನಗುತ್ತಾ ಏನೋ ಕೇಳಲು ಬಂದವನು, ಅಪ್ಪನ ಮುಖ ನೋಡಿ ಅಲ್ಲೇ ನಿಂತ.

ಬೆಳಿಗ್ಗೆ ಹೂವಪ್ಪ ಇದೇ ದಾರಿಯಲ್ಲಿ ಓಡಿ ಬಂದಿದ್ದ. ಅಪ್ಪ ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಅವನು ನಿಂತಾಗ ಬಂಗಾರಿಯೂ ನಿಂತಳು. ಅವಸರ ಮಾಡಲಿಲ್ಲ.